ಚೌಕಾಸಿಗೆ ಕಾಲು ಬೇಕು

ಬಂಗಾರಪೇಟೆಯಲ್ಲಿ ಈಚೆಗೆ ಒಂದು ದೊಡ್ಡ ಅಂಗಡಿ ಬಂದಿದೆ. ಒಳಗೆ ಎಸಿ, ತಳ್ಳುಗಾಡಿ, ಒಂದು ಕೊಂಡರೆ ಒಂದು ಉಚಿತ ಎಂದು ಛಾವಣಿಯಿಂದ ನೇತುಬಿಟ್ಟ ಕೆಂಪಕ್ಷರದ ಬೋರ್ಡುಗಳು. ಹೋದ ಭಾನುವಾರ ಹೆಂಡತಿ ಸರೋಜಳ ಜೊತೆ ಹೋಗಿದ್ದೆ. ಒಂದು ಸ್ಟೀಲ್ ಫ್ಲಾಸ್ಕ್ ಕಣ್ಣಿಗೆ ಬಿತ್ತು. ಎತ್ತಿಕೊಂಡು ಬಿಲ್ ಹಾಕುವ ಹುಡುಗಿಯ ಹತ್ತಿರ ಹೋಗಿ, ‘ಕೊನೆಗೆ ಎಷ್ಟಕ್ಕೆ ಕೊಡ್ತೀಯಮ್ಮಾ?’ ಅಂದೆ. ಅವಳು ಬೆಲೆಯ ಚೀಟಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ‘ಅದು ಹೇಳೋ ರೇಟು. ಕೊಡೋ ರೇಟು ಹೇಳು’ ಅಂದೆ. ಅವಳು ನಕ್ಕುಬಿಟ್ಟಳು. ನಾನು ಫ್ಲಾಸ್ಕನ್ನು ಅಲ್ಲೇ ಇಟ್ಟು, ಮುಖ ಗಂಟುಹಾಕಿಕೊಂಡು ಬಾಗಿಲ ಕಡೆ ಹೊರಟೆ. ನಿಧಾನವಾಗಿಯೇ ನಡೆದೆ. ಯಾರೂ ಕರೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೆಕ್ಯೂರಿಟಿಯವನು ಬಿಲ್ ಕೇಳಿದ. ಏನೂ ಕೊಂಡಿಲ್ಲ ಅಂದೆ. ‘ಮತ್ಯಾಕೆ ಸಾರ್ ಹಂಗೆ ತಿರುಗಿ ತಿರುಗಿ ನೋಡ್ತೀರ?’ ಎಂದು ನನ್ನ ಜೇಬುಗಳ ಮೇಲೆ ಕಣ್ಣಾಡಿಸಿದ.

ಏನಂತ ಹೇಳಲಿ ಅವನಿಗೆ? ಅಂಗಡಿಯಿಂದ ಎದ್ದು ಹೊರಟವನನ್ನು ಹಿಂದಿನಿಂದ ಕರೆಯುವ ಕಾಲವೊಂದಿತ್ತು ಕಣಪ್ಪಾ ಅಂತಲೇ? ಸರೋಜ ತಳ್ಳುಗಾಡಿ ಹಿಡಿದುಕೊಂಡು ದೂರದಲ್ಲಿ ನಿಂತಿದ್ದಳು. ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅನ್ನುವ ಹಾಗಿತ್ತು ಅವಳ ಮುಖ.

ನನ್ನ ಉದ್ಯೋಗ ನೋಡಿದರೆ ನನಗೆ ಈ ಚಾಳಿ ಇರಲೇಬಾರದು. ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಾನಿರುವುದು. ಬೋಲ್ಟು, ಬೇರಿಂಗು, ವಾಷರು ಎಲ್ಲಕ್ಕೂ ನಂಬರಿದೆ, ಬೆಲೆಯಿದೆ. ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಆದರೆ ಗೇಟು ದಾಟಿ ಹೊರಗೆ ಬಂದೆನೆಂದರೆ ನಾನು ಅಮ್ಮನ ಮಗ. ಕಡಲೆಕಾಯಿ ಕೊಂಡರೂ ಒಂದು ಹಿಡಿ ಮೇಲೆ ಹಾಕಿಸಿಕೊಳ್ಳದೆ ಬಂದರೆ ಏನೋ ಮರೆತು ಬಂದ ಹಾಗಿರುತ್ತದೆ.

ಅಮ್ಮನ ಹೆಸರು ಮುನಿರತ್ನಮ್ಮ. ಬೇತಮಂಗಲದ ಹತ್ತಿರದ ಹಳ್ಳಿಯವಳು. ಹೊಲ, ಹಸು, ಡೇರಿಗೆ ಹಾಲು ಹಾಕುವುದು ಇವುಗಳ ಮಧ್ಯೆ ಬೆಳೆದು, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಅಪ್ಪನನ್ನು ಮದುವೆಯಾಗಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆಯ ಈ ಮನೆಗೆ ಬಂದಳು. ಶಾಲೆ ಕಂಡದ್ದು ಕಡಿಮೆ. ಆದರೆ ಪೇಟೆಯಲ್ಲಿ ಅವಳ ಮುಂದೆ ನಿಲ್ಲುವವರಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿಯಿಂದ ಹಿಡಿದು ಬಂಗಾರಪೇಟೆಯ ಬಟ್ಟೆ ಅಂಗಡಿಯವರೆಗೆ ಅವಳು ಬರುವುದು ಕಂಡರೆ ಅಂಗಡಿಯವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು.

ಅವಳ ಪದ್ಧತಿಯೇ ಬೇರೆ. ಬೇಕಾದ ವಸ್ತುವನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದರ ಪಕ್ಕದ್ದನ್ನು ಎತ್ತಿ, ತಿರುಗಿಸಿ, ಮೂಸಿ, ಬೆಲೆ ಕೇಳಿ, ಅದಕ್ಕೆ ಇಲ್ಲದ ಕೊರತೆಗಳನ್ನೆಲ್ಲ ಹೇಳಿ, ಕೊನೆಗೆ ಬೇಸರದಿಂದ ಎಂಬಂತೆ, ‘ಅದ್ಯಾವ್ದದು, ಅದಾದ್ರೂ ಎಂಗೆ?’ ಎಂದು ಬೇಕಾದದ್ದರ ಕಡೆ ಬೆರಳು ತೋರಿಸುತ್ತಿದ್ದಳು. ಭಾಷೆಯಲ್ಲೂ ಒಂದು ಕ್ರಮವಿತ್ತು. ಬೆಲೆ ಕೇಳುವುದು ಕನ್ನಡದಲ್ಲಿ. ಕೇಳಿ ಗಾಬರಿಯಾಗುವುದು ತಮಿಳಿನಲ್ಲಿ: ‘ಅಯ್ಯಯ್ಯೋ, ರೊಂಬ ಜಾಸ್ತಿ!’ ಕೊನೆಯ ಮಾತು ಮಾತ್ರ ತೆಲುಗಿನಲ್ಲಿ: ‘ಇಸ್ತಾರಾ, ಇಯ್ಯರಾ?’ ಕೊಡ್ತೀರೋ ಇಲ್ಲವೋ ಎಂದು ತೆಲುಗಿನಲ್ಲಿ ಕೇಳಿದಳೆಂದರೆ ಮುಂದೆ ಮಾತಿಲ್ಲ, ಎದ್ದು ಹೋಗುವುದೇ.

ಈ ಎದ್ದು ಹೋಗುವುದಿದೆಯಲ್ಲ, ಇಡೀ ವ್ಯಾಪಾರದ ಜೀವ ಅಲ್ಲಿತ್ತು. ಬಟ್ಟೆ ಅಂಗಡಿಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಗಾದಿಯ ಮೇಲೆ ಕೂರುತ್ತಿದ್ದ ಕಾಲ ಅದು. ಅಮ್ಮ ಗಾದಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ಚೀಲ ಕೊಡವಿ, ಬಾಗಿಲಿಗೆ ಬಂದು, ಒಂದು ಕಾಲಿಗೆ ಚಪ್ಪಲಿ ಮೆಟ್ಟುವಳು. ಇನ್ನೊಂದು ಕಾಲಿನದನ್ನು ಮೆಟ್ಟುವುದರೊಳಗೆ ಸಾಮಾನ್ಯವಾಗಿ ಒಳಗಿನಿಂದ ಕೂಗು ಬಂದಿರುತ್ತಿತ್ತು. ಬರದಿದ್ದರೆ ಬೀದಿಯ ಮೂಲೆಯವರೆಗೆ ಹೋಗುವುದು. ಮೂಲೆ ತಿರುಗಿದ ಮೇಲೂ ಕರೆಯಲಿಲ್ಲ ಅಂದರೆ ಅವನು ಹೇಳಿದ್ದು ನ್ಯಾಯವಾದ ಬೆಲೆ ಎಂದು ಲೆಕ್ಕ. ಆದರೆ ಆ ವಸ್ತುವಿನ ಆಸೆ ಬಿಟ್ಟಂತೆಯೇ. ಕರೆಯದೆ ವಾಪಸು ಹೋಗುವ ಹಾಗಿರಲಿಲ್ಲ. ಅದು ಮಾನದ ಪ್ರಶ್ನೆ.

ನಾನು ಹಿಂದಿನಿಂದ ಓಡೋಡಿ ಹೋಗುತ್ತಿದ್ದೆ. ‘ತಿರುಗಿ ನೋಡಬ್ಯಾಡ ಕಣ್ಲಾ’ ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು. ನಾನು ನೋಡಿಬಿಡುತ್ತಿದ್ದೆ. ನಾನು ನೋಡಿದ್ದರಿಂದ ತಪ್ಪಿಹೋದ ಬಟ್ಟೆಬರೆಗಳ ವಿಷಯ ಈಗಲೂ ನಮ್ಮ ಮನೆಯಲ್ಲಿ ಹಬ್ಬದ ದಿನ ಊಟಕ್ಕೆ ಕೂತಾಗ ಬರುತ್ತದೆ.

ಅಪ್ಪನಿಗೆ ಇದೆಲ್ಲ ನಾಚಿಕೆ. ಅಮ್ಮ ಅಂಗಡಿ ಹತ್ತಿದ ಕೂಡಲೇ ಅವರು ಎದುರಿನ ಗೋಡೆಯ ಸಿನಿಮಾ ಪೋಸ್ಟರ್ ಓದಲು ನಿಲ್ಲುತ್ತಿದ್ದರು. ಒಂದು ಪೋಸ್ಟರಿನಲ್ಲಿ ಅಷ್ಟು ಹೊತ್ತು ಓದುವುದಕ್ಕೆ ಏನಿರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದೇ ಒಂದು ಸಲ ಅವರೇ ಪೇಟೆಗೆ ಹೋಗಿ ಒಂದು ಕೊಡೆ ತಂದರು. ಎಷ್ಟು ಅಂದಳು ಅಮ್ಮ. ಹೇಳಿದರು. ‘ಅವನು ಏಳಿದ್ದೂ ಅಷ್ಟೇನಾ?’ ‘ಹೂಂ.’ ಅಮ್ಮ ಮಾರನೆಯ ದಿನ ಅದೇ ಅಂಗಡಿಗೆ ಹೋಗಿ, ಅದೇ ತರದ ಕೊಡೆಯನ್ನು ಅದಕ್ಕಿಂತ ಕಡಿಮೆಗೆ ತಂದು, ಅಪ್ಪನ ಕೊಡೆಯ ಪಕ್ಕದ ಮೊಳೆಗೆ ನೇತುಹಾಕಿದಳು. ಮಳೆಯೇ ಅಪರೂಪವಾದ ನಮ್ಮೂರಲ್ಲಿ ಹಾಗೆ ಎರಡು ಕೊಡೆಗಳಾದವು. ಎರಡು ಕೊಡೆಗೆ ಕೊಟ್ಟ ದುಡ್ಡು ಕೂಡಿಸಿದರೆ ಲಾಭವೆಲ್ಲಿ ಬಂತು ಎಂದು ಕೇಳುವ ಧೈರ್ಯ ಅಪ್ಪನಿಗಿರಲಿಲ್ಲ. ನನಗೆ ಆಗ ಕೂಡಿಸಲು ಸರಿಯಾಗಿ ಬರುತ್ತಿರಲಿಲ್ಲ.

ಅಗ್ಗಕ್ಕೆ ಸಿಕ್ಕಿದ್ದರ ಸುಖವನ್ನು ನನ್ನ ಬಾಲ್ಯದ ಮೈಯೆಲ್ಲ ಅನುಭವಿಸಿದೆ. ನನ್ನ ಶರ್ಟುಗಳು ಕಟ್‌ಪೀಸಿನವು. ಮುಂದೆ ಒಂದು ನೀಲಿ, ಬೆನ್ನಿಗೆ ಇನ್ನೊಂದು ನೀಲಿ. ಜೇಬಿನ ಗೆರೆಗಳು ಅಡ್ಡಡ್ಡ, ಮಿಕ್ಕವು ಉದ್ದುದ್ದ. ಒಮ್ಮೆ ಶಾಲೆ ತೆರೆಯುವ ಹೊತ್ತಿಗೆ ಒಂದು ಜೊತೆ ಬೂಟು ಅರ್ಧ ಬೆಲೆಗೆ ಸಿಕ್ಕಿತು. ಯಾಕೆ ಅರ್ಧ ಎಂದರೆ, ಒಂದು ಬೂಟು ಇನ್ನೊಂದಕ್ಕಿಂತ ಒಂದು ಸೈಜು ದೊಡ್ಡದು. ‘ನಿನ್ ಕಾಲು ಬೆಳೀತದೆ ಕಣ್ಲಾ, ಆಕ್ಕೋ’ ಅಂದಳು. ‘ಒಂದೇ ಕಾಲು ಬೆಳೀತದಾ ಅಮ್ಮಾ?’ ಅಂದೆ. ‘ಮೊದ್ಲು ಒಂದು ಬೆಳೀಲಿ, ಆಮೇಲೆ ನೋಡಾಣ’ ಅಂದಳು. ಆ ವರ್ಷವೆಲ್ಲ ಒಂದು ಬೂಟಿನೊಳಗೆ ಹಳೆಯ ಬನಿಯನ್ನಿನ ಚೂರು ತುರುಕಿಕೊಂಡು ಓಡಾಡಿದೆ. ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಹತ್ತಿರ ಕ್ರಿಕೆಟ್ ಆಡುವಾಗ ಒಂದು ಸಲ ಚೆಂಡಿಗಿಂತ ಮುಂಚೆ ಬೂಟು ಹಾರಿ ಬೌಂಡರಿ ದಾಟಿತು.

ಇಷ್ಟೆಲ್ಲ ನಗೆಯಾಡುತ್ತಾ ಹೇಳುತ್ತಿದ್ದೇನೆ. ಹೋದ ವರ್ಷ ಈ ಹೊತ್ತಿನಲ್ಲಿ ನಗು ಬರುತ್ತಿರಲಿಲ್ಲ.

ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿವೆ. ಅಮ್ಮ ನಮ್ಮ ಜೊತೆಯಲ್ಲೇ, ಅದೇ ಮನೆಯಲ್ಲಿ ಇದ್ದಾಳೆ. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ರಾಡ್ ಹಾಕಿ ಕಳಿಸಿದರು. ಮೂಳೆ ಚೆನ್ನಾಗಿಯೇ ಕೂಡಿಕೊಂಡಿತು. ಆದರೆ ಅಮ್ಮ ಮಂಚ ಬಿಟ್ಟು ಏಳಲಿಲ್ಲ. ವಾಕರ್ ತಂದುಕೊಟ್ಟೆವು. ಅದರ ಮೇಲೆ ಟವೆಲ್ ಒಣಹಾಕಿದಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, ‘ಅಜ್ಜೀ, ಎದ್ದು ನಾಲ್ಕು ಹೆಜ್ಜೆ ಹಾಕಿ’ ಎಂದು ಗೋಗರೆದರೆ, ‘ಎದ್ದು ಎಲ್ಲಿಗ್ ಓಗ್ಲಮ್ಮಾ?’ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, ಕಾಲಿನಲ್ಲಿ ಏನೂ ತೊಂದರೆಯಿಲ್ಲ, ಆದರೆ ಈ ಕೆಲವು ತಿಂಗಳಲ್ಲಿ ಏಳದಿದ್ದರೆ ಆಮೇಲೆ ಎಂದೂ ಏಳುವುದಿಲ್ಲ ಎಂದು. ಆಸ್ಪತ್ರೆಯಿಂದ ಮನೆಗೆ ಬರುವವರೆಗೂ ನನಗೆ ಆ ‘ಎಂದೂ’ ಅನ್ನುವ ಮಾತೇ ಕಿವಿಯಲ್ಲಿತ್ತು.

ಆದರೂ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ನಮಗೆ ನಿಜವಾಗಿ ತಿಳಿದದ್ದು ಸೊಪ್ಪಿನ ಮುನಿಯಪ್ಪನಿಂದ. ಅವನು ಬೆಳಿಗ್ಗೆ ಮೊಪೆಡ್ಡಿನಲ್ಲಿ ಸೊಪ್ಪು ಹೇರಿಕೊಂಡು ನಮ್ಮ ಬೀದಿಗೆ ಬರುತ್ತಾನೆ. ನಾನೂ ಸರೋಜಳೂ ಸೇರಿ ಅಮ್ಮನನ್ನು ಬಿಸಿಲಿಗೆಂದು ಜಗುಲಿಯ ಕುರ್ಚಿಗೆ ತಂದು ಕೂರಿಸಿದ್ದೆವು. ಸ್ವಲ್ಪ ಹೊತ್ತಿಗೆ ಮುನಿಯಪ್ಪ ಮೊಪೆಡ್ ನಿಲ್ಲಿಸಿ ಒಳಗೇ ಬಂದುಬಿಟ್ಟ. ಮುಖ ಸಪ್ಪಗಿತ್ತು.

‘ಸಾರ್, ಅಮ್ಮನಿಗೆ ಏನಾಗದೆ? ನಾನ್ ಏಳಿದಷ್ಟೇ ಕೊಟ್ಬುಟ್ರು!’

‘ಕೊಟ್ಟರೆ ಒಳ್ಳೇದಾಯ್ತಲ್ಲಪ್ಪ’ ಅಂದೆ.

‘ಎಂಗ್ ಸಾರ್ ಒಳ್ಳೇದಾಯ್ತದೆ? ಅಮ್ಮ ಕಮ್ಮಿ ಮಾಡ್ತಾರೆ ಅಂತ ನಾನು ದಿನಾ ಜಾಸ್ತಿ ಏಳ್ತೀನಿ. ತಗಳಿ, ಈ ಮಿಕ್ಕಿದ್ದು ನೀವೇ ಇಟ್ಕಳಿ. ಆಸ್ಪತ್ರೆಗೆ ಒಂದ್ ದಪ ತೋರ್ಸಿ ಸಾರ್.’

ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಜಗುಲಿಗೆ ಹೋಗಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಯಾಕಮ್ಮಾ, ಮುನಿಯಪ್ಪನಿಗೆ ಕೇಳಿದಷ್ಟು ಕೊಟ್ಟುಬಿಟ್ಟೆಯಂತೆ ಅಂದೆ. ಅಮ್ಮ ಬೀದಿಯ ಕಡೆ ನೋಡುತ್ತಲೇ ಹೇಳಿದಳು.

‘ಎದ್ದೋಗಕ್ಕೆ ಕಾಲೇ ಇಲ್ದೋಳು ಏನಂತ ಯಾಪಾರ ಮಾಡ್ಲಿ? ಇವಳು ಎಲ್ಲೂ ಓಗಲ್ಲ ಅಂತ ಅವನಿಗೂ ಗೊತ್ತು, ನಂಗೂ ಗೊತ್ತು.’

ಇಷ್ಟು ದಿನ ನಾವು ಅವಳಿಗೆ ಕಾಲುನೋವು, ಭಯ, ವಯಸ್ಸು ಎಂದೆಲ್ಲ ಅಂದುಕೊಂಡಿದ್ದೆವು. ಅವಳ ದುಃಖ ಇದು ಎಂದು ಗೊತ್ತೇ ಇರಲಿಲ್ಲ. ಏನು ಹೇಳಬೇಕೋ ತೋಚದಿದ್ದಾಗ ನಾನು ಹೇಳುವುದು ಯಾವಾಗಲೂ ಹುಚ್ಚುತನದ ಮಾತೇ. ‘ಕಾಲು ನಾನಾಗ್ತೀನಿ ಬಿಡು. ನೀನು ಕೂತ್ಕೊಂಡು ಮಾತಾಡು, ನಾನು ಎದ್ದು ಹೋಗ್ತೀನಿ’ ಅಂದೆ. ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ‘ನೀನಾ?’ ಅಂದಳು. ಅಷ್ಟೇ ಅಂದದ್ದು. ಆದರೆ ಬಹಳ ದಿನದ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಖಾರವಿತ್ತು.

ಮನೆಯ ಇಡ್ಲಿ ಪಾತ್ರೆ ತಳ ಸೋರುತ್ತಿತ್ತು. ಅದನ್ನೇ ನೆಪ ಮಾಡಿ ಒಂದು ಶನಿವಾರ ಅಮ್ಮನನ್ನು ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಯ ಸೆಲ್ವಂ ಅವರ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅಮ್ಮ ನನಗೆ ಪಾಠ ಹೇಳಿದಳು. ಅವಳು ಕೆಮ್ಮಿದರೆ ನಾನು ಎದ್ದು ಹೊರಡಬೇಕು. ಮುಖದಲ್ಲಿ ಬೇಸರವಿರಬೇಕು, ಆದರೆ ಕೋಪವಿರಬಾರದು. ತಿರುಗಿ ನೋಡಬಾರದು. ಸೆಲ್ವಂ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಮ್ಮನನ್ನು ಬಾಗಿಲ ಹತ್ತಿರವೇ ಕೂರಿಸಿದರು. ವ್ಯಾಪಾರ ಶುರುವಾಯಿತು. ಕನ್ನಡವಾಯಿತು, ತಮಿಳಾಯಿತು, ಅಮ್ಮ ಕೆಮ್ಮಿದಳು. ನಾನು ಎದ್ದು ಹೊರಟೆ.

ಚೆನ್ನಾಗಿಯೇ ಹೊರಟೆ. ಮೂಲೆಯವರೆಗೂ ತಿರುಗಿ ನೋಡಲಿಲ್ಲ. ಯಾರೂ ಕರೆಯಲಿಲ್ಲ. ಮೂಲೆ ತಿರುಗಿದೆ. ಆಗ ಒಂದು ವಿಷಯ ಹೊಳೆಯಿತು. ಮುಂದೆ ಎಲ್ಲಿಗೆ ಹೋಗಲಿ? ಅಮ್ಮ ಅಂಗಡಿಯಲ್ಲೇ ಇದ್ದಾಳೆ. ಒಂದು ಟೀ ಕುಡಿದೆ. ಇನ್ನೊಂದು ಟೀ ಕುಡಿದೆ. ಕೊನೆಗೆ ಕರೆಯದಿದ್ದರೂ ವಾಪಸು ಹೋದೆ. ಸೆಲ್ವಂ ಅಮ್ಮನಿಗೂ ಟೀ ತರಿಸಿಕೊಟ್ಟು, ಕಾಲಿನ ಯೋಗಕ್ಷೇಮ ವಿಚಾರಿಸುತ್ತಾ ಆರಾಮಾಗಿ ಕೂತಿದ್ದರು. ನನ್ನನ್ನು ಕಂಡು ನಕ್ಕರು. ‘ಅಮ್ಮ ಇಲ್ಲೇ ಇದ್ದಾರೆ. ಅವರನ್ನ ಬಿಟ್ಟು ನೀವು ಎಂಗೆ ಸಾರ್ ಪೋವೀಂಗ? ಎಲ್ಲಿಗೆ ಹೋಗ್ತೀರಿ?’ ಅಂದರು. ತಾಯಿಯನ್ನು ಒತ್ತೆಯಿಟ್ಟು ಚೌಕಾಸಿ ಮಾಡಲು ಹೊರಟ ಮೊದಲನೆಯ ಮನುಷ್ಯ ನಾನೇ ಇರಬೇಕು. ಅವರು ಹೇಳಿದ ಬೆಲೆಗೇ ಪಾತ್ರೆ ಕೊಂಡೆವು.

ಮನೆಯವರೆಗೂ ಆಟೋದಲ್ಲಿ ಅಮ್ಮ ಬೈದಳು. ಹೋದ ರೀತಿ ಸರಿಯಿಲ್ಲ, ಬಂದ ರೀತಿ ಅದಕ್ಕಿಂತ ಸರಿಯಿಲ್ಲ, ಮೂಲೆಯಲ್ಲಿ ನಿಂತು ಟೀ ಕುಡಿದದ್ದು ಬುದ್ಧಿಯಿದ್ದವರು ಮಾಡುವ ಕೆಲಸವೇ ಅಲ್ಲ. ‘ನಿಮ್ಮಪ್ಪನೇ ವಾಸಿ ಕಣ್ಲಾ, ಕೆಲಸ ಕೆಡಿಸ್ದೆ ಪೋಸ್ಟರಾದ್ರೂ ಓದ್ತಿದ್ದ!’ ಅಂದಳು. ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಮರುಕಪಟ್ಟ. ಅವನಿಗೇನು ಗೊತ್ತು? ಮೂರು ತಿಂಗಳಿಂದ ಅಮ್ಮ ನನ್ನನ್ನು ಬೈದಿರಲಿಲ್ಲ. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪೇ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಒಳಗಿನಿಂದ ಕೂಗಿದಳು.

‘ಲೇ, ಆ ಕಬ್ಬಿಣ ಇತ್ತ ತತ್ತಾ.’

ಯಾವ ಕಬ್ಬಿಣ ಎಂದು ಬಾಯಿ ತುಂಬ ನೊರೆ ಇಟ್ಟುಕೊಂಡು ಹುಡುಕಿದೆ. ಟವೆಲ್ ತೆಗೆದು ವಾಕರ್ ಕೊಟ್ಟೆ. ಮಂಚದಿಂದ ಬಾಗಿಲವರೆಗೆ ಹೋದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ನೋವಿಗೆ ಕಣ್ಣು ಮುಚ್ಚಿದಳು. ನಾನು ಹತ್ತಿರ ಹೋದರೆ ಕೈಸನ್ನೆಯಿಂದ ದೂರ ನಿಲ್ಲಿಸಿದಳು. ದಿನಾ ಹೀಗೆ ನಡೆಯಿತು. ಬಾಗಿಲಿನಿಂದ ಜಗುಲಿಗೆ, ಜಗುಲಿಯಿಂದ ಗೇಟಿಗೆ. ಒಂದೊಂದು ದಿನ ಕಾಲು ಊದಿಕೊಂಡು ಎರಡು ದಿನ ಮಲಗಿಬಿಡುವಳು. ಆಗ ನಾವು ಮತ್ತೆ ಹೆದರುವೆವು. ಮತ್ತೆ ಏಳುವಳು. ವ್ಯಾಯಾಮದ ಹುಡುಗಿ ತನ್ನ ಪ್ರಯತ್ನ ಫಲಿಸಿತೆಂದು ಹಿಗ್ಗಿದಳು. ನಾವು ಅವಳ ಸಂತೋಷ ಕೆಡಿಸಲಿಲ್ಲ. ಮುನಿಯಪ್ಪನಿಗೆ ಮಾತ್ರ ಅಮ್ಮ ಇನ್ನೂ ಕೇಳಿದಷ್ಟನ್ನೇ ಕೊಡುತ್ತಿದ್ದಳು. ಅವನೂ ಪಾಪ ಬೆಲೆ ತಗ್ಗಿಸಿಯೇ ಹೇಳತೊಡಗಿದ್ದ. ಯಾಕಮ್ಮಾ ಅಂದರೆ, ‘ಎದ್ದೋಗೋ ತಾಕತ್ತು ಬರ್ಲಿ ತಡಿ’ ಅನ್ನುತ್ತಿದ್ದಳು.

ವಾಕರ್ ಹೋಗಿ ಊರುಗೋಲು ಬರುವ ಹೊತ್ತಿಗೆ ಆಷಾಢ ಬಂತು. ಆಷಾಢವೆಂದರೆ ನಮ್ಮಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅಮ್ಮನ ಪ್ರಕಾರ ವರ್ಷದಲ್ಲಿ ಒಳ್ಳೆಯ ತಿಂಗಳು ಅದೊಂದೇ. ಬಟ್ಟೆ ಅಂಗಡಿಗಳ ಮುಂದೆಲ್ಲ ರಿಯಾಯಿತಿಯ ಬ್ಯಾನರು. ಅವಳು ಆ ಬ್ಯಾನರನ್ನು ನಂಬುತ್ತಿದ್ದಳು ಎಂದಲ್ಲ. ಮೊದಲು ಏರಿಸಿ ಆಮೇಲೆ ಇಳಿಸುತ್ತಾರೆಂದು ಅವಳಿಗೆ ಖಾತ್ರಿಯಿತ್ತು. ಅದಕ್ಕೇ ರಿಯಾಯಿತಿಯ ಮೇಲೆ ರಿಯಾಯಿತಿ ಕೇಳುತ್ತಿದ್ದಳು. ಗೌರಿ ಹಬ್ಬಕ್ಕೆ ತವರಿನಿಂದ ನನ್ನ ಅಕ್ಕನಿಗೆ ಕಳಿಸುವ ಸೀರೆಯನ್ನು ಪ್ರತಿವರ್ಷ ಆಷಾಢದಲ್ಲೇ ಬಂಗಾರಪೇಟೆಯ ರಾಮಯ್ಯಶೆಟ್ಟರ ಅಂಗಡಿಯಲ್ಲಿ ಕೊಳ್ಳುವುದು ಅವಳ ಪದ್ಧತಿ. ಮುಂಚೆ ಒಂದು ದಿನ, ಮಂಚದ ಮೇಲಿದ್ದಾಗ, ‘ಈ ವರ್ಷ ನೀವೇ ಏನಾದ್ರೂ ತಂದು ಕಳ್ಸಿ’ ಅಂದಿದ್ದಳು. ಈಗ ಅವಳೇ, ‘ಆಷಾಢ ಮುಗಿಯೋಕ್ ಬಂತು, ಶೆಟ್ರು ಒಳ್ಳೇದನ್ನೆಲ್ಲ ಮಾರ್ಕೊಂಬುಡ್ತಾರೆ, ನಡಿ’ ಅಂದಳು.

ಹೋದೆವು. ಬಜಾರಿನಲ್ಲಿ ಆಟೋ ಇಳಿದು ಕೋಲೂರಿಕೊಂಡು ಅಂಗಡಿ ಮೆಟ್ಟಿಲು ಹತ್ತಿದಳು. ಶೆಟ್ಟರು ಅವಳನ್ನು ಕಂಡು ಗಾದಿಯಿಂದಲೇ ಎದ್ದು ಬಂದುಬಿಟ್ಟರು.

‘ಅಯ್ಯೋ ಅಮ್ಮಾ, ಏಂದಮ್ಮಾ ಇದಿ! ಕೋಲು ಹಿಡ್ಕಂಡು ಬಂದ್ರಾ? ಏಳಿಕಳ್ಸಿದ್ರೆ ನಾನೇ ಸೀರೆ ಮನೇಗೇ ಕಳಸ್ತಿದ್ದೆ.’

ಕುರ್ಚಿ ಹಾಕಿಸಿದರು. ಮಜ್ಜಿಗೆ ತರಿಸಿದರು. ಅಮ್ಮ ಮಜ್ಜಿಗೆ ಕುಡಿದು, ಶಾಸ್ತ್ರದ ಪ್ರಕಾರ ಬೇಡದ ಸೀರೆಯೊಂದನ್ನು ಬಿಡಿಸಿ, ಅಂಚು ಉಜ್ಜಿ, ಬಣ್ಣ ಬಿಡುತ್ತದೆಂದು ಸಾಬೀತುಮಾಡಿ, ಪಕ್ಕಕ್ಕೆ ತಳ್ಳಿದಳು. ಆಮೇಲೆ ಗಿಳಿಹಸಿರು ಮೈಯ, ಕೆಂಪಂಚಿನ ಸೀರೆಯೊಂದರ ಕಡೆ ಬೆರಳು ತೋರಿಸಿ ಬೆಲೆ ಕೇಳಿದಳು. ಅಕ್ಕನಿಗೆ ಗಿಳಿಹಸಿರು ಎಂದರೆ ಪ್ರಾಣ. ಅಂಗಡಿಗೆ ಕಾಲಿಟ್ಟಾಗಲೇ ಅಮ್ಮ ಅದನ್ನು ಆರಿಸಿಕೊಂಡಿದ್ದಾಳೆ ಎಂದು ನನಗೆ ಗೊತ್ತಾಗಿತ್ತು.

‘ನಿಮಗೇನಮ್ಮ ರೇಟು’ ಅಂದರು ಶೆಟ್ಟರು. ‘ಇಷ್ಟು ಕಷ್ಟದಲ್ಲಿ ಬಂದಿದ್ದೀರ. ನೀವೇ ಏಳಿ.’

ಅಮ್ಮ ಅವರ ಮುಖವನ್ನೇ ನೋಡಿ ಒಂದು ಬೆಲೆ ಹೇಳಿದಳು. ಬೆಲೆ ಎನ್ನುವ ಹಾಗೂ ಇರಲಿಲ್ಲ ಅದು. ಆ ದುಡ್ಡಿಗೆ ಒಂದು ಒಳ್ಳೆಯ ಟವೆಲ್ ಬರುವುದು ಕಷ್ಟ. ಜಗಳಕ್ಕೆ ಕರೆಯುವಂಥ ಬೆಲೆ.

‘ಆಗ್ಲಿ ಬುಡಿ ತಾಯಿ, ತಗಳಿ’ ಎಂದು ಶೆಟ್ಟರು ಕೆಲಸದವನಿಗೆ ಕವರ್ ತರಲು ಹೇಳಿಬಿಟ್ಟರು.

ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ನಮ್ಮ ವಂಶದಲ್ಲೇ ಇಂಥ ವ್ಯಾಪಾರ ಆಗಿಲ್ಲ! ಅಮ್ಮನ ಕಡೆ ನೋಡಿದೆ. ಅವಳ ಮುಖ ಬಿಗಿದುಕೊಂಡಿತ್ತು. ಕವರಿಗೆ ಹೋಗುತ್ತಿದ್ದ ಸೀರೆಯನ್ನೂ ಶೆಟ್ಟರನ್ನೂ ತನ್ನ ಕೋಲನ್ನೂ ಒಂದೊಂದಾಗಿ ನೋಡಿದಳು.

‘ಬ್ಯಾಡ ಬುಡಿ’ ಅಂದಳು.

‘ಇನ್ನೂ ಕಮ್ಮಿ ಬೇಕೇನಮ್ಮಾ? ಅದ್ಕೇನಂತೆ...’

ಅಮ್ಮ ಎದ್ದಳು. ಕುರ್ಚಿಯ ಕೈ ಒತ್ತಿ, ಕೋಲು ಊರಿ, ಯಾರನ್ನೂ ಮುಟ್ಟಗೊಡದೆ ಎದ್ದಳು. ಬಾಗಿಲಿಗೆ ಬಂದು ಒಂದು ಚಪ್ಪಲಿ ಮೆಟ್ಟಿದಳು. ಇನ್ನೊಂದು ಕಾಲು ಸ್ವಲ್ಪ ಊದಿತ್ತು, ಚಪ್ಪಲಿಯೊಳಗೆ ಹೋಗಲಿಲ್ಲ. ಕೆಲಸದವನು ಬಗ್ಗಿ ಸಹಾಯ ಮಾಡಲು ಬಂದ. ಕಾಲು ಹಿಂದಕ್ಕೆಳೆದುಕೊಂಡಳು. ಬಾಗಿಲ ಕಂಬ ಹಿಡಿದು, ತಾನೇ ಬೆರಳು ತೂರಿಸಿ, ಮೆಟ್ಟಿಕೊಂಡು, ಮೆಟ್ಟಿಲಿಳಿದು ಬೀದಿಗೆ ಹೋದಳು. ಅಷ್ಟು ಹೊತ್ತೂ ಶೆಟ್ಟರು, ‘ತಗಳಮ್ಮಾ, ದುಡ್ಡೇ ಬ್ಯಾಡ, ತಗಳಿ’ ಎಂದು ಮೃದುವಾಗಿ ಕರೆಯುತ್ತಲೇ ಇದ್ದರು. ಅವರು ಕರೆದಷ್ಟೂ ಅವಳು ಬಿರುಸಾದಳು.

‘ನಾನೇನ್ ತಪ್ಪು ಮಾಡ್ದೆ ಸಾರ್?’ ಎಂದು ಶೆಟ್ಟರು ನನ್ನನ್ನು ಕೇಳಿದರು. ಅವರ ಕಣ್ಣು ತೇವವಾಗಿತ್ತು.

‘ಕೇಳಿದ ತಕ್ಷಣ ಕೊಟ್ಟುಬಿಟ್ಟಿರಲ್ಲ ಶೆಟ್ರೇ. ಕಾಲಿಲ್ಲದವಳು ಅಂತ ಕೊಟ್ಟ ಹಾಗಾಯ್ತು. ನೀವು ಅಮ್ಮನ ಹತ್ತಿರ ಯಾವತ್ತಾದರೂ ಹಾಗೆ ಮಾಡಿದ್ದುಂಟಾ?’ ಎಂದು ಹೇಳಿ, ನಾನು ಅಮ್ಮನ ಹಿಂದೆ ಓಡಿದೆ.

ಅವಳು ಆಗಲೇ ಹೂವಿನವಳ ಬುಟ್ಟಿ ದಾಟಿದ್ದಳು. ಪಾನಿಪೂರಿ ಗಾಡಿಗಳನ್ನು ದಾಟಿದಳು. ಸ್ಟೇಷನ್ ಕಡೆಯಿಂದ ರೈಲಿಳಿದ ಜನ ಬ್ಯಾಗು ಹೊತ್ತುಕೊಂಡು ಎದುರಿನಿಂದ ಬರುತ್ತಿದ್ದರು. ಅವಳನ್ನು ಕಂಡು ತಾವೇ ದಾರಿ ಬಿಟ್ಟರು. ಬಿದ್ದ ಮೇಲೆ ಮನೆಯ ಗೇಟಿನಿಂದ ಆಚೆ ಅವಳು ಹೀಗೆ ನಡೆದೇ ಇರಲಿಲ್ಲ. ಕತ್ತಿನಲ್ಲಿ ಬೆವರು. ಹಿಡಿದುಕೊಳ್ಳೋಣವೆಂದು ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ. ಬಿದ್ದರೆ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಹೇಳಿದರೆ ನೀವು ನಗುತ್ತೀರಿ, ಬಜಾರಿನ ಮಧ್ಯೆ ನಿಂತು ಚಪ್ಪಾಳೆ ತಟ್ಟಬೇಕೆನ್ನಿಸುವಷ್ಟು ಆನಂದ. ಮೂಲೆ ಬಂತು. ಅಲ್ಲಿ ನಿಂತಳು. ಕೂಗು ನಿಂತುಹೋಗಿತ್ತು.

‘ಸಾಕಮ್ಮಾ, ಇಲ್ಲೇ ನಿಂತಿರು’ ಅಂದೆ. ಅವಳು ಉಸಿರು ತೆಗೆದುಕೊಳ್ಳುತ್ತಾ ನೆಲ ನೋಡಿದಳು. ‘ಮುಗೀತು ಕಣ್ಲಾ’ ಅಂದಳು, ಬಹಳ ಸಣ್ಣಗೆ. ‘ಇನ್ನು ಎಲ್ರೂ ಇಂಗೇ ಕೊಡ್ತಾರೆ.’

ಆಗ ಹಿಂದಿನಿಂದ ಬಜಾರೇ ತಿರುಗಿ ನೋಡುವಂಥ ದನಿಯೊಂದು ಬಂತು. ರಾಮಯ್ಯಶೆಟ್ಟರು ಚಪ್ಪಲಿಯೂ ಇಲ್ಲದೆ ಬೀದಿಗಿಳಿದಿದ್ದರು. ಗಿಳಿಹಸಿರು ಸೀರೆ ಹೆಗಲ ಮೇಲಿತ್ತು. ಬ್ಯಾನರಿನ ಮೇಲಿದ್ದ ರಿಯಾಯಿತಿಯನ್ನೂ ಕಿತ್ತುಹಾಕಿ, ಅದರ ಮೇಲೆ ಇನ್ನಷ್ಟು ಏರಿಸಿ, ಆ ಸೀರೆಗೆ ಒಂದು ಬೆಲೆ ಕೂಗಿದರು.

‘ಓಯ್ ಮುನಿರತ್ನಮ್ಮನೋರೇ! ಇದ್ರಾಗೆ ಒಂದ್ ರೂಪಾಯೂ ಬುಡಲ್ಲ! ಬೇಕಾದ್ರೆ ತಗಳಿ, ಬ್ಯಾಡ್ದಿದ್ರೆ ಓಗಿ, ಬಂಗಾರಪೇಟೆ ಎಲ್ಲಾ ಸುತ್ತಿ! ಇಂಥಾ ಸೀರೆ ಯಾರ್ ಕೊಡ್ತಾರೋ ನಾನೂ ನೋಡ್ತೀನಿ!’

ಅಮ್ಮ ತಲೆಯೆತ್ತಿದಳು. ಕೆನ್ನೆಗೆ ಬಣ್ಣ ಏರಿತು.

‘ಕೇಳ್ದೇನ್ಲಾ? ಅಗಲು ದರೋಡೆ! ಈ ಸೀರೆಗೆ ಅಷ್ಟು ಕೇಳಕ್ಕೆ ಅವರಿಗೆ ಬಾಯಾದ್ರೂ ಎಂಗೆ ಬಂತು?’

‘ಬೇಡಮ್ಮಾ, ಹೋಗ್ಲಿ ಬಿಡು’ ಅಂದೆ, ನಗು ತಡೆದುಕೊಂಡು.

‘ಏನ್ ಓಗ್ಲಿ ಬುಡು? ಕರ್ದವ್ರಲ್ಲ! ಬೀದಿಗ್ ಬಂದು ಕರ್ದವ್ರೆ!’ ಎಂದು ಅಂಗಡಿಯ ಕಡೆ ತಿರುಗಿ ನಿಂತಳು. ಬಂದದ್ದು ಎಷ್ಟು ದೂರವೆಂದು ಆಗ ಅವಳಿಗೂ ಕಂಡಿರಬೇಕು. ಹತ್ತಿರದಲ್ಲೇ ಒಂದು ಆಟೋ ಖಾಲಿ ನಿಂತಿತ್ತು. ನಾನು ಅದರ ಕಡೆ ಕೈ ಮಾಡಿದೆ.

‘ಆಟೋದಾಗೆ ಓಗಿ ಇಳಿದ್ರೆ ಶೆಟ್ರು ರೇಟು ಇಳಿಸ್ತಾರೇನ್ಲಾ, ಪೆದ್ದೇ? ಸುಮ್ಕೆ ಇಂದೆ ಬಾ’ ಎಂದು ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ದಾಟಿಕೊಂಡು ನಡೆದಳು.